ಬೇಯೂ ಕಸೂತಿಯ ಹಡಗು: ಗೆರೆ ಎಳೆಯುವುದರಿಂದ ಚೌಕಟ್ಟು ಹಾಕುವವರೆಗೆ

ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಕಥೆಯನ್ನು ಹೇಳುವ, ಫ್ರಾನ್ಸಿನ ಬೇಯೂ ಊರಿನ ಹೆಸರಿನ ಹಳೆಯ ಕಸೂತಿಯೇ ಬೇಯೂ ಕಸೂತಿ. ಅದರ ಹಡಗು ಹಾಕಲು ಹೊರಟವರು ಸಾಮಾನ್ಯವಾಗಿ ಎರಡು ಕಡೆ ಸೋಲುತ್ತಾರೆ. ಹಡಗಿನ ಹೊಟ್ಟೆ ತುಂಬುವಾಗ ಬಟ್ಟೆ ಸುಕ್ಕುಗಟ್ಟುತ್ತದೆ. ಇಲ್ಲವೇ, ತುಂಬಿದ ಉಣ್ಣೆ ಕೆಲವೇ ದಿನಗಳಲ್ಲಿ ಸಡಿಲವಾಗಿ ಬಳೆಗೋ ಉಂಗುರಕ್ಕೋ ಸಿಕ್ಕಿಕೊಳ್ಳುತ್ತದೆ. ಎರಡಕ್ಕೂ ಕಾರಣ ಒಂದೇ. ಇದನ್ನು ಸ್ಯಾಟಿನ್ ಸ್ಟಿಚ್ (ಎಳೆಗಳನ್ನು ಪಕ್ಕಪಕ್ಕ ಹಾಕಿ ಜಾಗ ತುಂಬುವ ಹೊಲಿಗೆ) ಅಂದುಕೊಂಡು ಒಂದೇ ಪದರದಲ್ಲಿ ಮುಗಿಸಿಬಿಡುತ್ತಾರೆ. ಬೇಯೂ ಹೊಲಿಗೆಗೆ ಮೂರು ಪದರ. ಆ ಮೂರೂ ಸರಿಯಾದ ಕ್ರಮದಲ್ಲಿ ಬಂದರೆ ಮಾತ್ರ ಕೆಲಸ ಗಟ್ಟಿಯಾಗಿ ಕೂರುತ್ತದೆ.

ನಾವು ಹಾಕಲು ಹೊರಟಿರುವುದು ಒಂದೇ ಹಡಗು. ನಾರ್ಮಂಡಿಯ ಡ್ಯೂಕ್ ವಿಲಿಯಂ 1066ರ ಸೆಪ್ಟೆಂಬರ್ ಕೊನೆಯಲ್ಲಿ ಸೈನ್ಯ, ಕುದುರೆ ಎಲ್ಲವನ್ನೂ ಹಡಗಿಗೆ ಹತ್ತಿಸಿಕೊಂಡು ಇಂಗ್ಲಿಷ್ ಕಡಲ್ಗಾಲುವೆ ದಾಟಿ ಇಂಗ್ಲೆಂಡಿನ ಪೆವೆನ್ಸಿಯಲ್ಲಿ ಇಳಿದ. ಆ ಸಮುದ್ರಯಾನದ ದೃಶ್ಯದಿಂದ ಒಂದು ಹಡಗನ್ನು ತೆಗೆದುಕೊಳ್ಳೋಣ. ಮೂಲ ಕೃತಿ ಸುಮಾರು 70 ಮೀಟರ್ ಉದ್ದ, ಅರ್ಧ ಮೀಟರ್ ಎತ್ತರ. ಲಿನನ್ ಬಟ್ಟೆಯ ಮೇಲೆ ಉಣ್ಣೆ ದಾರದ ಕೆಲಸ. ನಮಗೆ ಬೇಕಾಗುವುದು ಎರಡೇ ಹೊಲಿಗೆ: ಗೆರೆಗೆ ಹುರಿಯಂತೆ ಕಾಣುವ ಸ್ಟೆಮ್ ಸ್ಟಿಚ್, ತುಂಬಲು ಬೇಯೂ ಹೊಲಿಗೆ.

## ಹಂತ 1: ಸಾಮಾನು ಕೊಳ್ಳುವುದು

ಬಟ್ಟೆ. ಒತ್ತಾಗಿ ನೇಯ್ದ, ಬಿಳಿಗೊಳಿಸದ ಲಿನನ್, 45 ಸೆಂ.ಮೀ. ಚೌಕದ ಒಂದು ತುಂಡು. ಕ್ರಾಸ್ ಸ್ಟಿಚ್ ಮಾಡುವ ತೂತು ತೂತಿನ ಬಟ್ಟೆ ಬೇಡ, ಉಣ್ಣೆ ಎಳೆದಾಗ ತೂತುಗಳು ಬಾಯಿ ಬಿಡುತ್ತವೆ. ಲಿನನ್ ಸಿಗದಿದ್ದರೆ ದಪ್ಪ ಹತ್ತಿ ಬಟ್ಟೆಯೂ ನಡೆಯುತ್ತದೆ. ಯಾವುದೇ ಆಗಲಿ, ಒಂದು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಶುರು ಮಾಡಿ. ಬಟ್ಟೆ ಆಮೇಲೆ ಕುಗ್ಗಿದರೆ ಹಡಗೂ ಕುಗ್ಗುತ್ತದೆ.

ದಾರ. ಜಾಸ್ತಿ ಜನ ಎಡವುವುದು ಇಲ್ಲೇ. ಸ್ವೆಟರ್ ಹೆಣೆಯುವ ಅಕ್ರಿಲಿಕ್ ದಾರ ರಬ್ಬರಿನಂತೆ ಹಿಗ್ಗುತ್ತದೆ. ಹೊಲಿಯುವಾಗ ಬಿಗಿಯಾಗಿರುತ್ತದೆ, ಚೌಕಟ್ಟಿನಿಂದ ಬಿಡಿಸಿದ ಕೂಡಲೇ ಕುಗ್ಗಿ ಬಟ್ಟೆಯನ್ನೆಲ್ಲಾ ಎಳೆದುಕೊಳ್ಳುತ್ತದೆ. ಎರಡು ಎಳೆ ಹುರಿ ಮಾಡಿದ ತೆಳು ಉಣ್ಣೆ ದಾರವನ್ನು ಹುಡುಕಿ. ಅಂಗಡಿಯಲ್ಲಿ ‘ಕ್ರೂಯೆಲ್ ವುಲ್’ ಎಂದು ಕೇಳಿ. ಕಾಶ್ಮೀರದ ಕ್ರೂಯೆಲ್ ಕಸೂತಿಗೆ ಬಳಸುವ ಉಣ್ಣೆ ದಾರವೂ ಆಗುತ್ತದೆ. ಕೊಳ್ಳುವ ಮುಂಚೆ ಒಂದು ಗೇಣು ದಾರ ಹಿಡಿದು ಎಳೆದು ನೋಡಿ, ಹಿಗ್ಗಿದರೆ ಬಿಟ್ಟುಬಿಡಿ.

ಬಣ್ಣ. ಇಟ್ಟಿಗೆ ಕೆಂಪು, ಸಾಸಿವೆ ಹಳದಿ, ಮಣ್ಣಿನ ಬಿಳಿ, ತಿಳಿ ಹಸಿರು, ಕಡು ಹಸಿರು, ಮಾಸಲು ನೀಲಿ, ಕಪ್ಪಿಗೆ ಹತ್ತಿರದ ನೀಲಿ. ಈ ಏಳು ಸಾಕು. ಮೂಲದಲ್ಲಿರುವ ಬಣ್ಣಗಳೆಲ್ಲ ಮೂರೇ ಗಿಡಗಳಿಂದ ಬಂದವು: ಕೆಂಪಿಗೆ ಮ್ಯಾಡರ್, ಹಳದಿಗೆ ವೆಲ್ಡ್, ನೀಲಿಗೆ ವೋಡ್. ಮನೆಯಲ್ಲೇ ಬಣ್ಣ ಹಾಕುವ ಆಸೆ ಇದ್ದರೆ ಗ್ರಂಥಿಗೆ ಅಂಗಡಿಯ ಮಂಜಿಷ್ಠ ಮ್ಯಾಡರಿನ ಹತ್ತಿರದ ಬಂಧು. ವೋಡ್ ಎಲೆ ಕೊಡುವ ನೀಲಿಯೂ ನಮ್ಮ ನೀಲಿ ಗಿಡದ ನೀಲಿಯೂ ಒಂದೇ ವಸ್ತು. ಮಿರುಗುವ ಗುಲಾಬಿ, ನೇರಳೆ, ಅಚ್ಚ ಕಪ್ಪು ಬೇಡವೇ ಬೇಡ. ಅಂಥ ಒಂದು ಎಳೆ ಸೇರಿದರೂ ಸಾಕು, ಇಡೀ ಹಡಗು ಬೇರೆ ಊರಿನದಾಗಿಬಿಡುತ್ತದೆ.

ಕೆಂಪು ಮತ್ತು ಕಡು ನೀಲಿಯನ್ನು ಮೊದಲೇ ಪರೀಕ್ಷಿಸಿ. ಒದ್ದೆ ಬಿಳಿ ಬಟ್ಟೆಯಲ್ಲಿ ದಾರ ಸುತ್ತಿ, ಮೇಲೆ ಬಿಸಿ ಇಸ್ತ್ರಿ ಒತ್ತಿ. ಬಟ್ಟೆಗೆ ಬಣ್ಣ ಹತ್ತಿದರೆ ಆ ದಾರವನ್ನು ಈ ಕೆಲಸಕ್ಕೆ ಬಳಸಬೇಡಿ.

ಸೂಜಿ. ಕಣ್ಣು ದೊಡ್ಡದು, ತುದಿ ಚೂಪು ಇರುವ ಶೆನಿಲ್ ಸೂಜಿ, 22 ಅಥವಾ 24ನೇ ನಂಬರು. ಕನಿಷ್ಠ ಎರಡು ಇರಲಿ, ಯಾಕೆ ಅಂತ ಏಳನೇ ಹಂತದಲ್ಲಿ ಗೊತ್ತಾಗುತ್ತದೆ. ಮೊಂಡು ತುದಿಯ ಸೂಜಿ ಒತ್ತು ನೇಯ್ಗೆಯೊಳಗೆ ನೇರವಾಗಿ ಇಳಿಯುವುದಿಲ್ಲ.

ಚೌಕಟ್ಟು. ಐದನೇ ಹಂತ ಓದಿ ಆಮೇಲೆ ಕೊಳ್ಳಿ.

## ಹಂತ 2: ಚಿತ್ರ ಆರಿಸಿ ಅಳತೆ ಕೂಡಿಸುವುದು

ಬೇಯೂ ವಸ್ತುಸಂಗ್ರಹಾಲಯ ಇಡೀ ಕಸೂತಿಯನ್ನು ದೊಡ್ಡದು ಮಾಡಿ ನೋಡುವಂಥ ಚಿತ್ರವಾಗಿ ಅಂತರ್ಜಾಲದಲ್ಲಿ ಇಟ್ಟಿದೆ. ಅಲ್ಲಿಂದಲೇ ನೋಡಿ ಗೆರೆ ತೆಗೆಯಿರಿ. ಮಗ್ಗು, ದಿಂಬುಗಳ ಮೇಲೆ ಅಚ್ಚಾಗಿರುವ ಚಿತ್ರಗಳಲ್ಲಿ ಗೆರೆಗಳನ್ನು ಸರಳ ಮಾಡಿರುತ್ತಾರೆ. ಹಲಗೆಗಳ ಲೆಕ್ಕ, ಹಗ್ಗಗಳು, ಚುಕ್ಕಾಣಿ ಇವೆಲ್ಲ ಅಲ್ಲಿ ಮಾಯ.

ಒಂದು ಹಡಗು, ಒಂದು ಹಾಯಿ, ನಾಲ್ಕೈದು ತಲೆ. ಮೊದಲ ಕೆಲಸಕ್ಕೆ ಇಷ್ಟು ಸಾಕು. ವಿಲಿಯಂನ ಸ್ವಂತ ಹಡಗು ‘ಮೋರಾ’ ಬೇಕು ಅನಿಸಿದರೆ ಅದರ ಗುರುತು ಹೇಳುತ್ತೇನೆ: ಹಾಯಿಕಂಬದ ತುದಿಯಲ್ಲಿ ಶಿಲುಬೆ, ಹಿಂತುದಿಯಲ್ಲಿ ಕೊಂಬೂದುವ ಸಣ್ಣ ಆಕೃತಿ. ಅದು ಹೆಂಡತಿ ಮಟಿಲ್ಡಾ ಕೊಟ್ಟ ಉಡುಗೊರೆ. ಆದರೆ ಆ ತುದಿಗಳ ಕೆಲಸ ತುಂಬಾ ಸಣ್ಣದು. ಎರಡನೇ ಪ್ರಯತ್ನಕ್ಕೆ ಇಟ್ಟುಕೊಳ್ಳಿ ಎನ್ನುತ್ತೇನೆ.

ಅಳತೆಗೆ ಒಂದೇ ನಿಯಮ. ಹಡಗಿನ ಪಕ್ಕದ ಒಂದೊಂದು ಹಲಗೆಯೂ 8ರಿಂದ 10 ಮಿ.ಮೀ. ಅಗಲ ಬರಬೇಕು. 6 ಮಿ.ಮೀ.ಗಿಂತ ಕಡಿಮೆ ಆದರೆ ಮೂರು ಪದರ ಕೂರಿಸಲು ಜಾಗವೇ ಇರುವುದಿಲ್ಲ. ಈ ಲೆಕ್ಕದಲ್ಲಿ ಹಡಗು 25ರಿಂದ 28 ಸೆಂ.ಮೀ. ಉದ್ದ ಆಗುತ್ತದೆ. ಎ3 ಹಾಳೆಯಲ್ಲಿ ಪ್ರಿಂಟ್ ತೆಗೆಸಿ, ಸ್ಕೇಲ್ ಇಟ್ಟು ಹಲಗೆ ಅಳೆದು ನೋಡಿ. ಫೋನಿನ ಪರದೆ ನೋಡಿ ಅಂದಾಜು ಮಾಡಬೇಡಿ.

## ಹಂತ 3: ಮೊದಲು ಬರೀ ಗೆರೆಯ ದೋಣಿ

ಧೂಮಕೇತು ಕಾಣಿಸಿಕೊಳ್ಳುವ ದೃಶ್ಯದ ಪಕ್ಕದಲ್ಲಿ, ಕಿರೀಟ ತೊಟ್ಟ ಇಂಗ್ಲೆಂಡಿನ ರಾಜ ಹೆರಾಲ್ಡ್ ಕುಳಿತಿರುವ ಕಡೆ, ಕೆಳಗಿನ ಅಂಚಿನಲ್ಲಿ ಖಾಲಿ ದೋಣಿಗಳಿವೆ. ಬಣ್ಣ ತುಂಬಿಲ್ಲ, ಜನ ಇಲ್ಲ, ಸುಮ್ನೆ ಗೆರೆ. ದಂಡು ಬರಲಿದೆ ಎಂಬ ಮುನ್ಸೂಚನೆ ಅದು. ನಮಗೆ ಅದಕ್ಕಿಂತ ಒಳ್ಳೆಯ ಅಭ್ಯಾಸ ಸಿಗಲಿಕ್ಕಿಲ್ಲ. ಚಿಂದಿ ಬಟ್ಟೆಯ ಮೇಲೆ ಸ್ಟೆಮ್ ಸ್ಟಿಚ್‌ನಲ್ಲಿ (ಅದರ ವಿವರ ಆರನೇ ಹಂತದಲ್ಲಿದೆ) ಅಂಥ ಒಂದು ದೋಣಿ ಹಾಕಿ. ಮೂತಿಯ ಬಾಗು ಒಡೆಯದೆ ಬಂದರೆ ಮುಂದೆ ಹೋಗಿ.

## ಹಂತ 4: ಬಟ್ಟೆಗೆ ಗೆರೆ ಇಳಿಸುವುದು

ಧಾರವಾಡ ಕಡೆಯ ಕಸೂತಿ ಕಲಿತವರಿಗೆ ಇದು ಹೊಸತು. ಅಲ್ಲಿ ಎಳೆ ಎಣಿಸುತ್ತಲೇ ಹೋಗುತ್ತೇವೆ, ಗೆರೆ ಎಳೆಯುವ ಮಾತೇ ಇಲ್ಲ. ಇಲ್ಲಿ ಗೆರೆ ಇಲ್ಲದೆ ಒಂದು ಹೊಲಿಗೆಯೂ ಬೇಡ.

ಪ್ರಿಂಟನ್ನು ಕಿಟಕಿ ಗಾಜಿಗೆ ಅಂಟಿಸಿ, ಮೇಲೆ ಬಟ್ಟೆ ಅಂಟಿಸಿ, ಹಗಲು ಬೆಳಕಲ್ಲಿ ಗಟ್ಟಿ ಪೆನ್ಸಿಲ್‌ನಿಂದ ಹಗುರವಾಗಿ ಎಳೆಯಿರಿ. ದಪ್ಪ ಬಟ್ಟೆಯಾದರೆ ಬಟರ್ ಪೇಪರ್ ಮೇಲೆ ಚಿತ್ರ ತೆಗೆದು, ಗೆರೆಯ ಮೇಲೆ ಸೂಜಿಯಿಂದ ಚುಚ್ಚಿ, ಪುಡಿ ಉಜ್ಜುವ ನಮ್ಮ ಟೇಲರ್ ಅಂಗಡಿ ಪದ್ಧತಿಯೇ ಸಾಕು. ಪುಡಿ ತೀರಾ ಕಡಿಮೆ ಇರಲಿ. ನೀಲದ ಪುಡಿ ತೇವ ಸೋಕಿದರೆ ಹರಡುತ್ತದೆ.

ಇಸ್ತ್ರಿ ಬಿಸಿಗೆ ಅಳಿಸಿಹೋಗುವ ಪೆನ್ನು ಬೇಡ, ಚಳಿ ತಾಗಿದರೆ ಅದರ ಗೆರೆ ಮತ್ತೆ ಮೂಡುತ್ತದೆ. ನೀರಲ್ಲಿ ಹೋಗುವ ಪೆನ್ನು ಬಳಸಿದರೆ ಕೊನೆಗೆ ಉಣ್ಣೆಯನ್ನು ಪೂರ್ತಿ ನೆನೆಸಬೇಕಾಗುತ್ತದೆ. ಆ ಕಷ್ಟ ಯಾಕೆ?

ತಪ್ಪಿನ ಗುರುತು: ಬಟರ್ ಪೇಪರ್ ಮಗುಚಿ ಇಟ್ಟರೆ ಹಡಗು ಕನ್ನಡಿಯಲ್ಲಿ ಕಂಡಂತೆ ತಿರುಗಿಬಿಡುತ್ತದೆ. ಸಮುದ್ರ ದಾಟುವ ಹಡಗುಗಳು ಎಡದಿಂದ ಬಲಕ್ಕೆ ಹೋಗುತ್ತವೆ. ಚುಕ್ಕಾಣಿ ಹುಟ್ಟು ಇರುವುದು ಹಡಗಿನ ಬಲಪಕ್ಕದಲ್ಲಿ. ಅಂದರೆ ನಿಮ್ಮ ಬಟ್ಟೆಯಲ್ಲಿ ಅದು ಎಡತುದಿಯಲ್ಲಿ, ನಿಮ್ಮ ಕಡೆಗೆ ಕಾಣುವ ಪಕ್ಕದಲ್ಲೇ ಇರಬೇಕು. ಹಡಗು ಎಡಕ್ಕೆ ಮುಖ ಮಾಡಿದ್ದರೆ ಅಳಿಸಿ ಮತ್ತೆ ಶುರು ಮಾಡಿ.

## ಹಂತ 5: ಬಟ್ಟೆ ಬಿಗಿಯುವುದು

ಕೈಯಲ್ಲೇ ಹಿಡಿದು ಈ ಕೆಲಸ ಆಗುವುದಿಲ್ಲ. ಸಣ್ಣ ದುಂಡು ರಿಂಗೂ ಬೇಡ. ಅದನ್ನು ಸರಿಸಿ ಸರಿಸಿ ಹಾಕುವಾಗ ಮುಗಿದ ಉಣ್ಣೆಯ ಮೇಲೆ ಅದರ ಅಂಚು ಕೂತು ಎಳೆಗಳು ಚಪ್ಪಟೆಯಾಗುತ್ತವೆ. ಇಡೀ ಚಿತ್ರ ಒಳಗೆ ಬರುವಷ್ಟು ದೊಡ್ಡ ಆಯತದ ಮರದ ಚೌಕಟ್ಟು ಬೇಕು. ಬ್ಲೌಸಿಗೆ ಆರಿ ವರ್ಕ್ ಮಾಡುವವರು ಬಳಸುವ ಚೌಕಟ್ಟಿನ ಸಣ್ಣ ಗಾತ್ರದ್ದು ಸಿಕ್ಕರೆ ಅದೇ ಉತ್ತಮ.

ಬಟ್ಟೆಯ ನೇಯ್ಗೆಯ ಗೆರೆಗಳು ಚೌಕಟ್ಟಿನ ಅಂಚಿಗೆ ನೇರವಾಗಿರಲಿ. ಬೆರಳಿಂದ ಬಡಿದರೆ ಡಬ್ ಎಂಬ ಸದ್ದು ಬರಬೇಕು. ದಿನಾ ಕೆಲಸ ಶುರು ಮಾಡುವ ಮುಂಚೆ ಮತ್ತೆ ಬಡಿದು ನೋಡಿ. ಮಳೆಗಾಲದಲ್ಲಿ ರಾತ್ರಿ ಕಳೆಯುವುದರೊಳಗೆ ಬಟ್ಟೆ ಸಡಿಲ ಬಿಟ್ಟಿರುತ್ತದೆ.

## ಹಂತ 6: ಗೆರೆ ಮೊದಲು

ಮೊದಲು ತುಂಬಿ ಆಮೇಲೆ ಗೆರೆ ಹಾಕುವವರೂ ಇದ್ದಾರೆ. ಹೊಸಬರಿಗೆ ನಾನು ಗೆರೆಯನ್ನೇ ಮೊದಲು ಹಾಕಿಸುತ್ತೇನೆ. ಎಲ್ಲಿ ಸೂಜಿ ಇಳಿಯಬೇಕು ಎಂಬುದಕ್ಕೆ ಗಟ್ಟಿ ಗಡಿ ಸಿಗುತ್ತದೆ, ಅಂಚು ಹಲ್ಲುಹಲ್ಲಾಗುವುದಿಲ್ಲ.

ದಾರ 45 ಸೆಂ.ಮೀ.ಗಿಂತ ಉದ್ದ ಬೇಡ. ಉದ್ದವಾದಷ್ಟೂ ಉಣ್ಣೆ ಬಟ್ಟೆಗೆ ಉಜ್ಜಿ ಸವೆಯುತ್ತದೆ. ಗಂಟು ಹಾಕದೆ, ತುಂಬಲಿರುವ ಜಾಗದಲ್ಲಿ ಎರಡು ಪುಟ್ಟ ಹೊಲಿಗೆ ಹಾಕಿ ಶುರು ಮಾಡಿ. ಅವು ಆಮೇಲೆ ಮುಚ್ಚಿಹೋಗುತ್ತವೆ. ಗಂಟಿಲ್ಲದೆ ಹೊಲಿಯುವುದು ಧಾರವಾಡ ಕಸೂತಿಯವರಿಗೆ ಹೇಗೂ ಅಭ್ಯಾಸ.

ಸ್ಟೆಮ್ ಸ್ಟಿಚ್‌ನಲ್ಲಿ ದಾರ ಯಾವಾಗಲೂ ಸೂಜಿಯ ಒಂದೇ ಪಕ್ಕಕ್ಕೆ ಇರಬೇಕು. ಒಮ್ಮೆ ಮೇಲೆ, ಒಮ್ಮೆ ಕೆಳಗೆ ಆದರೆ ಗೆರೆ ಹುರಿಯಂತೆ ಹರಿಯದೆ ಮುರಿದು ಕಾಣುತ್ತದೆ. ನೇರ ಜಾಗದಲ್ಲಿ ಹೊಲಿಗೆ 4–5 ಮಿ.ಮೀ. ಇರಲಿ. ಹಡಗಿನ ಮೂತಿಯ ಪ್ರಾಣಿಮುಖ, ಹಿಂತುದಿಯ ಬಾಗು ಬಂದಾಗ 2–3 ಮಿ.ಮೀ.ಗೆ ಇಳಿಸಿ.

ಕ್ರಮ ಹೀಗಿರಲಿ: ಹಡಗಿನ ಹೊರಗೆರೆ, ಪ್ರತಿ ಹಲಗೆಯ ನಡುವಿನ ಗೆರೆ, ಹಾಯಿಕಂಬ, ಹಾಯಿ, ಕೊನೆಗೆ ಜನ ಮತ್ತು ಕುದುರೆ. ಮುಂದಿರುವ ವಸ್ತು ಹಿಂದಿರುವುದನ್ನು ಮುಚ್ಚುವ ಕಡೆ ಹಿಂದಿನ ಗೆರೆಯನ್ನು ಅಲ್ಲೇ ನಿಲ್ಲಿಸಿ. ಗುರಾಣಿಯ ಅಡಿಯಲ್ಲಿ ಹಲಗೆಯ ಗೆರೆ ಹಾಯಿಸಿದರೆ ಆಮೇಲೆ ಅದು ಉಬ್ಬಾಗಿ ಏಳುತ್ತದೆ.

## ಹಂತ 7: ಹಲಗೆ ತುಂಬುವುದು

ಇಡೀ ಕೆಲಸದ ಜೀವ ಇಲ್ಲಿದೆ. ಆತುರ ಬೇಡ.

ಆ ಕಾಲದ ಹಡಗಿನಲ್ಲಿ ಹಲಗೆಗಳು ಒಂದರ ಅಂಚಿನ ಮೇಲೆ ಇನ್ನೊಂದು ಕೂತಿರುತ್ತವೆ. ಕಸೂತಿಯಲ್ಲಿ ಅದನ್ನು ಬಣ್ಣದ ಪಟ್ಟಿಗಳಾಗಿ ತೋರಿಸಿದ್ದಾರೆ. ಒಂದು ಹಲಗೆ ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಹೋಗಿ, ಕೆಳಗಿನಿಂದ ಮೇಲಕ್ಕೆ. ಅಕ್ಕಪಕ್ಕ ಎರಡು ಕಡು ಬಣ್ಣ ಬಾರದಂತೆ ಮೊದಲೇ ಪ್ರಿಂಟಿನ ಮೇಲೆ ಬಣ್ಣದ ಪೆನ್ಸಿಲಿನಿಂದ ಗುರುತು ಮಾಡಿ.

ಮೊದಲ ಪದರ: ಹಾಸು. ಹಲಗೆಯ ಅಗಲಕ್ಕೆ, ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ, ಎಳೆಗಳನ್ನು ಒತ್ತೊತ್ತಾಗಿ ಹಾಸುತ್ತಾ ಹೋಗಬೇಕು. ಹಲಗೆಯ ನಡುಮಧ್ಯದಲ್ಲಿ ಶುರು ಮಾಡಿ ಒಂದು ತುದಿಗೆ ಹೋಗಿ, ಮತ್ತೆ ಮಧ್ಯಕ್ಕೆ ಬಂದು ಇನ್ನೊಂದು ತುದಿಗೆ ಹೋಗಿ. ಒಂದೇ ತುದಿಯಿಂದ ಹೊರಟರೆ ಎಳೆಗಳು ನಿಧಾನಕ್ಕೆ ವಾಲುತ್ತವೆ, ಅರ್ಧ ದಾರಿಯಲ್ಲಿ ನೋಡಿದರೆ ಎಲ್ಲವೂ ಓರೆ.

ಸೂಜಿ ಕೆಳಗೆ ಇಳಿದ ಜಾಗದ ಪಕ್ಕದಲ್ಲೇ ಮೇಲೆ ಬರಬೇಕು. ಇದನ್ನು ನೆನಪಿಟ್ಟುಕೊಳ್ಳಿ. ಸ್ಯಾಟಿನ್ ಸ್ಟಿಚ್‌ನ ಹಾಗೆ ಬಟ್ಟೆಯ ಹಿಂದಿನಿಂದ ಸುತ್ತಿ ಆಚೆ ಅಂಚಿಗೆ ಹೋದರೆ ಎರಡು ನಷ್ಟ. ಉಣ್ಣೆ ಹೆಚ್ಚುಕಡಿಮೆ ಎರಡರಷ್ಟು ಬೇಕಾಗುತ್ತದೆ, ಜೊತೆಗೆ ಹಿಂದೆಯೂ ಮುಂದೆಯೂ ಎಳೆತ ಬಿದ್ದು ಬಟ್ಟೆ ಸುಕ್ಕಾಗುತ್ತದೆ. ಸರಿಯಾಗಿ ಮಾಡಿದ್ದರೆ ಹಿಂದುಗಡೆ ಅಂಚಿನಲ್ಲಿ ಚುಕ್ಕಿ ಚುಕ್ಕಿ ಹೊಲಿಗೆ ಮಾತ್ರ ಕಾಣುತ್ತದೆ, ನಡುವೆ ಬಟ್ಟೆ ಖಾಲಿ. ಎರಡೂ ಕಡೆ ಒಂದೇ ಥರ ಕಾಣಬೇಕೆಂಬ ಧಾರವಾಡ ಕಸೂತಿಯ ಹಟ ಇಲ್ಲಿ ಬಿಡಬೇಕು.

ಎಳೆ ಬಟ್ಟೆಯ ಮೇಲೆ ಮಲಗಿದರೆ ಸಾಕು, ಬಟ್ಟೆಯನ್ನು ಎಳೆಯಬಾರದು. ಎಳೆ ಎಳೆಯ ನಡುವೆ ಬಟ್ಟೆ ಇಣುಕುತ್ತಿದ್ದರೆ ಇನ್ನೊಂದು ಎಳೆ ಸೇರಿಸಿ. ಒಂದರ ಮೇಲೊಂದು ಹತ್ತಿದ್ದರೆ ಬಿಚ್ಚಿ. ಬಟ್ಟೆ ಸ್ವಲ್ಪ ಸಡಿಲ ನೇಯ್ಗೆಯದಾದರೆ ಒಂದು ಎಳೆಯಷ್ಟು ಜಾಗ ಬಿಟ್ಟು ಬಿಟ್ಟು ಹಾಸಿ, ವಾಪಸ್ ಬರುವಾಗ ಆ ಖಾಲಿ ಜಾಗ ತುಂಬಿ. ಆಗ ತೂತುಗಳು ಒಂದಕ್ಕೊಂದು ಸೇರಿ ಹರಿಯುವುದಿಲ್ಲ.

ಎರಡನೇ ಪದರ: ಒತ್ತೆಳೆ. ಹಾಸಿದ ಎಳೆಗಳನ್ನು ಒತ್ತಿ ಹಿಡಿಯುವ ಎಳೆಗೆ ಒತ್ತೆಳೆ ಅನ್ನೋಣ. ಇದು ಹಾಸಿಗೆ ಅಡ್ಡವಾಗಿ ಹೋಗುತ್ತದೆ. ನಮ್ಮ ಹಾಸು ಹಲಗೆಯ ಅಗಲಕ್ಕೆ ಇರುವುದರಿಂದ ಒತ್ತೆಳೆ ಹಲಗೆಯ ಉದ್ದಕ್ಕೆ, ಹಡಗಿನ ಬಾಗನ್ನೇ ಹಿಡಿದು ಹೋಗುತ್ತದೆ. ಒಂದರಿಂದ ಒಂದಕ್ಕೆ 3–4 ಮಿ.ಮೀ. ಅಂತರ. ಹತ್ತಿರ ಹತ್ತಿರ 10 ಮಿ.ಮೀ. ಅಗಲದ ಹಲಗೆಗೆ ಎರಡು ಸಾಕು.

ಮೂರನೇ ಪದರ: ಟಾಕು. ಒತ್ತೆಳೆಯ ಮೇಲೆ ಪುಟ್ಟ ಟಾಕುಗಳು, ಅವೂ 3–4 ಮಿ.ಮೀ.ಗೆ ಒಂದರಂತೆ. ಮೊದಲ ಸಾಲಿನ ಎರಡು ಟಾಕುಗಳ ನಡುವಿನ ಜಾಗಕ್ಕೆ ಎರಡನೇ ಸಾಲಿನ ಟಾಕು ಬರಲಿ. ಎಲ್ಲ ಸಾಲಿನ ಟಾಕುಗಳೂ ನೇರ ಒಂದರ ಕೆಳಗೊಂದು ಬಂದರೆ ಹಲಗೆಯಲ್ಲಿ ಬೇಡದ ಬಿರುಕು ಗೆರೆ ಕಾಣುತ್ತದೆ.

ಈಗ ಎರಡನೇ ಸೂಜಿಯ ವಿಷಯ. ಬಾಗಿದ ಹಲಗೆಯಲ್ಲಿ ಒತ್ತೆಳೆಯ ಎರಡೂ ತುದಿ ಮೊದಲೇ ಕೆಳಗೆ ಇಳಿಸಿಬಿಟ್ಟರೆ ಅದು ಬಾಗನ್ನು ಬಿಟ್ಟು ನೇರ ದಾರಿ ಹಿಡಿಯುತ್ತದೆ. ಆಮೇಲೆ ಟಾಕು ಹಾಕಿ ಬಾಗಿಸಲು ಹೋದರೆ ಉದ್ದ ಸಾಲದೆ ಬಟ್ಟೆ ಮುದುಡುತ್ತದೆ. ಆದ್ದರಿಂದ ಒತ್ತೆಳೆಯ ಸೂಜಿಯನ್ನು ಒಂದು ತುದಿಯಲ್ಲಿ ಮೇಲೆ ತಂದು ಬದಿಗೆ ಬಿಡಿ. ಇನ್ನೊಂದು ಸೂಜಿಯಿಂದ ಟಾಕು ಹಾಕುತ್ತಾ, ಎಳೆಯನ್ನು ಬಾಗಿನ ಮೇಲೆ ಕೂರಿಸುತ್ತಾ ಹೋಗಿ. ಕೊನೆಯ ಟಾಕು ಬಿದ್ದ ಮೇಲಷ್ಟೇ ಒತ್ತೆಳೆಯ ತುದಿ ಕೆಳಗೆ ಇಳಿಯಲಿ.

ಮೊದಲ ಹಡಗಿಗೆ ಮೂರೂ ಪದರ ಒಂದೇ ಬಣ್ಣದಲ್ಲಿರಲಿ. ಬೇರೆ ಬಣ್ಣದ ಒತ್ತೆಳೆ ಚೆಂದವೇ, ಆದರೆ ಅಂತರದ ಒಂದು ಸಣ್ಣ ಏರುಪೇರನ್ನೂ ಅದು ಮುಚ್ಚಿಡುವುದಿಲ್ಲ.

ಎಚ್ಚರಿಕೆಯ ಗುರುತುಗಳು:

- ಹಾಸಿದ ಎಳೆಯ ಕೆಳಗೆ ಸೂಜಿಯ ಹಿಂತುದಿ ಸಲೀಸಾಗಿ ತೂರಿ ಎಳೆ ಮೇಲೇಳುತ್ತಿದೆ: ಒತ್ತೆಳೆಗಳ ಅಂತರ ಜಾಸ್ತಿಯಾಗಿದೆ. ನಡುವೆ ಇನ್ನೊಂದು ಸೇರಿಸಿ.
- ಒತ್ತೆಳೆ ಬಿದ್ದಲ್ಲೆಲ್ಲ ಹಾಸು ತಗ್ಗಾಗಿ ಏರಿಳಿತ ಕಾಣುತ್ತಿದೆ: ಟಾಕು ತೀರಾ ಬಿಗಿ.
- ಹಲಗೆಯ ಗೆರೆ ಅಲ್ಲಲ್ಲಿ ಮಾಯವಾಗಿದೆ: ಸೂಜಿ ಸ್ಟೆಮ್ ಸ್ಟಿಚ್ ಸೀಳಿಕೊಂಡು ಇಳಿದಿದೆ. ಗೆರೆಗೆ ತಾಗಿಕೊಂಡು, ಆದರೆ ಒಳಗೇ ಇಳಿಸಿ.
- ಒಂದು ಹಲಗೆ ಮುಗಿಯುವಷ್ಟರಲ್ಲಿ ಪಕ್ಕದ ಬಟ್ಟೆ ಅಲೆಯಾಗಿದೆ: ನಿಲ್ಲಿಸಿ. ಚೌಕಟ್ಟು ಸಡಿಲವಾಗಿದೆ ಅಥವಾ ಹಾಸು ಬಿಗಿಯಾಗಿದೆ. ಇಸ್ತ್ರಿ ಮಾಡಿದರೆ ಸರಿಹೋಗುತ್ತದೆ ಎಂದು ಮುಂದುವರಿಯಬೇಡಿ, ಅದು ಸರಿಹೋಗುವುದಿಲ್ಲ.

## ಹಂತ 8: ಹಾಯಿ

ಹಾಯಿಯ ಮೇಲೆ ಅಗಲವಾದ ಉದ್ದ ಪಟ್ಟೆಗಳಿರುತ್ತವೆ. ಇಲ್ಲಿ ಹಾಸನ್ನು ಪಟ್ಟೆಯ ಉದ್ದಕ್ಕೇ ಹಾಕಿ, ಒತ್ತೆಳೆ ಅಡ್ಡಕ್ಕೆ. ಹಲಗೆಗೂ ಹಾಯಿಗೂ ಎಳೆಯ ದಿಕ್ಕು ಬೇರೆಯಾದರೆ ಬೆಳಕು ಬೇರೆ ಬೇರೆಯಾಗಿ ಬಿದ್ದು ಎರಡೂ ತಾನಾಗಿ ಬಿಡಿಸಿ ಕಾಣುತ್ತವೆ. ಒತ್ತೆಳೆ ನೇರ ಇರುವುದರಿಂದ ಎರಡು ತುದಿ ಮೊದಲೇ ಇಳಿಸಿದರೂ ತೊಂದರೆ ಇಲ್ಲ. ಪಟ್ಟೆ ಕೆಳಕ್ಕೆ ಬಂದಂತೆ ಕಿರಿದಾಗುವಾಗ ಎಳೆಗಳನ್ನು ಒತ್ತಬೇಡಿ, ಅಂಚಿನ ಎಳೆಗಳನ್ನು ಮೇಲೆಯೇ ನಿಲ್ಲಿಸಿ.

## ಹಂತ 9: ಜನ, ಕುದುರೆ

ಮುಖ ಮತ್ತು ಕೈಗಳನ್ನು ತುಂಬಬೇಡಿ. ಮೂಲದಲ್ಲಿ ಅಲ್ಲಿ ಬರೀ ಲಿನನ್ ಕಾಣುತ್ತದೆ, ಕಣ್ಣು ಮೂಗು ಬಾಯಿ ಎಲ್ಲವೂ ಗೆರೆಯಲ್ಲೇ. ಚರ್ಮದ ಬಣ್ಣದ ದಾರ ತಂದು ತುಂಬಿದವರ ಕೆಲಸ ಗೊಂಬೆಯಾಟದ ಪರದೆಯಂತಾಗಿರುವುದನ್ನು ನೋಡಿದ್ದೇನೆ.

ಕುದುರೆಗೆ ಕುದುರೆಯ ಬಣ್ಣವೇ ಬೇಕು ಎಂದೇನಿಲ್ಲ. ಮೂಲದಲ್ಲಿ ನೀಲಿ ಕುದುರೆಯೂ ಇದೆ. ಹಡಗಿನಂಚಿನ ಮೇಲೆ ಕಾಣುವುದು ತಲೆ, ಕುತ್ತಿಗೆ ಮಾತ್ರ. ಅಕ್ಕಪಕ್ಕದ ಕುದುರೆಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟರೆ ಯಾವುದು ಮುಂದೆ, ಯಾವುದು ಹಿಂದೆ ಎಂಬುದು ತಾನೇ ತಿಳಿಯುತ್ತದೆ. ನೆರಳು ಹಾಕುವ ಚಟ ಇಲ್ಲಿ ಕೆಲಸಕ್ಕೆ ಬಾರದು. ಮುಂದೆ ಕುದುರೆಗಳು ಹಡಗಿನಿಂದ ಇಳಿಯುವ ದೃಶ್ಯ ಹಾಕುವುದಾದರೆ ಆಚೆ ಬದಿಯ ಕಾಲುಗಳಿಗೆ ಬೇರೆಯದೇ ಬಣ್ಣ ಕೊಡಿ. ದೂರ ತೋರಿಸಲು ಮೂಲದಲ್ಲಿ ಬಳಸಿದ ಉಪಾಯ ಅದೇ ಅಲ್ವಾ.

ಚುಕ್ಕಾಣಿ ಹಿಡಿದವನ ಕೈಗೂ ಹುಟ್ಟಿಗೂ ನಡುವೆ ಜಾಗ ಬಿಡಬೇಡಿ. ಗೆರೆ ಇಳಿಸುವಾಗ ಇದು ಬಹಳ ಸಲ ತಪ್ಪಿಹೋಗುತ್ತದೆ.

## ಹಂತ 10: ನೀರು ಮತ್ತು ಅಕ್ಷರ

ನೀರು ಎಂದರೆ ಸ್ಟೆಮ್ ಸ್ಟಿಚ್‌ನ ನಾಲ್ಕಾರು ಅಲೆಗೆರೆ, ಅಷ್ಟೇ. ಸಮುದ್ರವನ್ನೆಲ್ಲ ನೀಲಿಯಿಂದ ತುಂಬಿದರೆ ಹಡಗು ಕಾಣದೆ ಹೋಗುತ್ತದೆ.

ಮೂಲದಲ್ಲಿ ಈ ದೃಶ್ಯದ ಮೇಲೆ ಲ್ಯಾಟಿನ್ ಸಾಲಿದೆ: ಡ್ಯೂಕ್ ವಿಲಿಯಂ ದೊಡ್ಡ ಹಡಗಿನಲ್ಲಿ ಸಮುದ್ರ ದಾಟಿ ಪೆವೆನ್ಸಿಗೆ ಬಂದ ಎಂಬುದು ಅದರ ಅರ್ಥ. ಪದಗಳ ನಡುವೆ ಚುಕ್ಕಿ ಇಟ್ಟಿದ್ದಾರೆ. ನೀವು ಕನ್ನಡದಲ್ಲೇ ಬರೆಯುವುದಾದರೆ ಅಕ್ಷರ 2 ಸೆಂ.ಮೀ.ಗಿಂತ ಸಣ್ಣದಾಗಬಾರದು. ನಮ್ಮ ಅಕ್ಷರಗಳೆಲ್ಲ ದುಂಡು, ಉದ್ದ ಹೊಲಿಗೆ ಹಾಕಿದರೆ ಮೂಲೆ ಮೂಲೆ ಆಗುತ್ತದೆ. ಹೊಲಿಗೆ 2 ಮಿ.ಮೀ. ಇರಲಿ. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಟ್ಟೇ ಸಾಲಿನ ಗೆರೆ ಎಳೆಯಿರಿ, ಇಲ್ಲದಿದ್ದರೆ ‘ಪೆವೆನ್ಸಿ’ಯ ಒತ್ತು ಹೋಗಿ ಹಾಯಿಯ ಮೇಲೆ ಕೂರುತ್ತದೆ.

1885–86ರಲ್ಲಿ ಇಂಗ್ಲೆಂಡಿನ ಲೀಕ್ ಊರಿನ 30ಕ್ಕೂ ಹೆಚ್ಚು ಮಹಿಳೆಯರು ಈ ಕಸೂತಿಯ ಪೂರ್ತಿ ನಕಲು ಹಾಕಿದರು. ಅದೀಗ ರೆಡಿಂಗ್ ವಸ್ತುಸಂಗ್ರಹಾಲಯದಲ್ಲಿದೆ. ಒಬ್ಬೊಬ್ಬರೂ ತಾವು ಹೊಲಿದ ಭಾಗದ ಕೆಳಗೆ ತಮ್ಮ ಹೆಸರು ಹೊಲಿದಿದ್ದಾರೆ. ನೀವೂ ಹೆಸರು, ವರ್ಷ ಹಾಕಿ, ಚೌಕಟ್ಟಿನಿಂದ ಬಿಡಿಸುವ ಮುಂಚೆಯೇ.

## ಹಂತ 11: ಬಿಡಿಸಿ, ಒತ್ತಿ, ಕಾಪಾಡುವುದು

ಬಿಡಿಸಿದ ಮೇಲೆ ದಪ್ಪ ಟವೆಲ್ ಹಾಸಿ, ಕಸೂತಿಯ ಮುಖ ಕೆಳಗೆ ಮಾಡಿ ಇಡಿ. ಹಿಂದಿನಿಂದ ಹಬೆ ಕೊಡಿ. ಇಸ್ತ್ರಿಯನ್ನು ಎತ್ತಿ ಎತ್ತಿ ಇಡಿ, ಉಜ್ಜಬೇಡಿ. ಮುಂಭಾಗದಿಂದ ಒತ್ತಿದರೆ ಉಣ್ಣೆ ಚಪ್ಪಟೆಯಾಗಿ ಹೊಳಪು ಬರುತ್ತದೆ, ಅದು ಮತ್ತೆ ಹೋಗುವುದಿಲ್ಲ.

ಫ್ರೇಮ್ ಅಂಗಡಿಯಲ್ಲಿ ಗಾಜು ಕಸೂತಿಗೆ ತಾಗದಂತೆ ನಡುವೆ ಪಟ್ಟಿ ಕೊಟ್ಟು ಕೂರಿಸಲು ಹೇಳಿ. ಬಟ್ಟೆಯನ್ನು ರಟ್ಟಿಗೆ ಗಮ್ ಹಾಕಿ ಅಂಟಿಸಲು ಬಿಡಬೇಡಿ. ಹಿಂದೆ ದಾರದಿಂದ ಅತ್ತಿತ್ತ ಎಳೆದು ಕಟ್ಟಿಸಿ. ನೇರ ಬಿಸಿಲು ಬೀಳುವ ಗೋಡೆಯೂ, ಮಳೆಗಾಲದಲ್ಲಿ ತೇವ ಏರುವ ಗೋಡೆಯೂ ಬೇಡ. ಉಣ್ಣೆಗೆ ಹುಳ ಬೀಳುವುದು ಸಾಮಾನ್ಯ. ವರ್ಷಕ್ಕೊಮ್ಮೆ ಫ್ರೇಮ್ ಇಳಿಸಿ ಹಿಂಬದಿ ನೋಡಿ. ಮರಳಿನಂಥ ಸಣ್ಣ ಪುಡಿ ಅಥವಾ ಬಿಳಿ ಜಾಲ ಕಂಡರೆ ಅದೇ ದಿನ ಬಿಚ್ಚಿ ಸ್ವಚ್ಛ ಮಾಡಿ.